ಮುದ್ದೇಬಿಹಾಳ ರಸ್ತೆಯ ಕಡಲೆ ರಾಶಿ

ದೆವ್ವ, ಭೂತ, ಮುನ್ಸೂಚನೆ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಅವುಗಳ ಬಗ್ಗೆ ಯೋಚಿಸಲು ವೇಳೆಯೇ ಇರಲಿಲ್ಲ ಎಂದರೆ ಇನ್ನೂ ಸರಿಯಾದೀತು. ವಿಜಾಪುರ ಜಿಲ್ಲೆಯ ಸುದ್ದಿ ಬರೆಯುತ್ತಿದ್ದ ನನಗೆ ರಸ್ತೆ ಅಪಘಾತದ ವರದಿ ದಿನನಿತ್ಯದ ಕೆಲಸವಾಗಿತ್ತು. ಇಂಡಿಯಿಂದ ಸಾಲೋಟಗಿಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಬಿಳಿ ಸೀರೆಯವಳೊಬ್ಬಳು ಗಾಡಿಗೆ ಅಡ್ಡ ಬರುತ್ತಾಳೆಂದು ಲಾರಿಯವರು ಹೇಳುತ್ತಿದ್ದರು. ಹೋಗಿ ನೋಡಿದೆ. ತಿರುವಿನ ಒಳಬದಿಯಲ್ಲಿ ಜಾಲಿಕಂಟಿ ದಟ್ಟವಾಗಿ ಬೆಳೆದು ಎದುರಿನಿಂದ ಬರುವ ಗಾಡಿ ಹತ್ತಿರ ಬರುವವರೆಗೂ ಕಾಣುತ್ತಿರಲಿಲ್ಲ. ಅದನ್ನು ಕಡಿಸಬೇಕೆಂದು ಬರೆದೆ. ಕಡಿಸಿದರು. ಬಿಳಿ ಸೀರೆಯವಳು ಆಮೇಲೆ ಯಾರಿಗೂ ಕಾಣಲಿಲ್ಲ. ಹೆದರಿಕೆ ಹುಟ್ಟಿಸುವ ಪ್ರತಿಯೊಂದು ಸಂಗತಿಯ ಹಿಂದೆಯೂ ಇಂಥದೊಂದು ಜಾಲಿಕಂಟಿ ಇರುತ್ತದೆ, ಹುಡುಕಬೇಕು ಅಷ್ಟೇ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಸುದ್ದಿಮನೆಯ ರೂಢಿಯಂತೆ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ನಡುವೆ, ಶಿವರಾತ್ರಿ ಹತ್ತಿರವಿದ್ದ ಒಂದು ಇಳಿಹೊತ್ತಿನಲ್ಲಿ, ಮುದ್ದೇಬಿಹಾಳದಿಂದ ನಿಡಗುಂದಿಗೆ ಬರುವ ರಸ್ತೆಯ ಮೇಲೆ, ಒಣಗಿದ ಕಡಲೆ ಗಿಡಗಳ ಕೆಳಗೆ ಒಂದು ಹೆಣ್ಣುಕೂಸು ಮಲಗಿತ್ತು. ನಾನು ನಡೆಸುತ್ತಿದ್ದ ಕಾರು ಅದರ ಮೇಲೆ ಹಾಯಬೇಕಾಗಿತ್ತು. ಹಾಯಲಿಲ್ಲ. ಏಕೆ ಹಾಯಲಿಲ್ಲ ಎಂಬುದು ನನಗೆ ಗೊತ್ತಿಲ್ಲ. ಸುದ್ದಿ ಇಷ್ಟೇ. ಉಳಿದದ್ದು ವಿವರ.

ನಮ್ಮ ಕಡೆಯ ಒಂದು ಪದ್ಧತಿಯನ್ನು ತಿಳಿಯದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಸುಗ್ಗಿಯ ದಿನಗಳಲ್ಲಿ ಇಲ್ಲಿಯ ರೈತರು ಕಡಲೆ, ತೊಗರಿ, ಹುರಳಿ ಯಾವುದೇ ಇರಲಿ, ಕಿತ್ತು ತಂದ ಗಿಡವನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿ, ಕಾರುಗಳು ಅದನ್ನು ತುಳಿಯುತ್ತವೆ. ಎತ್ತಿನ ಕೆಲಸವನ್ನು ಗಾಲಿ ಮಾಡುತ್ತದೆ. ರಸ್ತೆ ಇಕ್ಕಟ್ಟಾದ್ದರಿಂದ ಒಂದು ಮಗ್ಗುಲನ್ನು ತುಳಿಯಲು ಬಿಟ್ಟು, ಇನ್ನೊಂದು ಮಗ್ಗುಲಲ್ಲಿ ಗಿಡ ತಿರುವುತ್ತಾರೆ, ಕಾಳು ಬಳಿಯುತ್ತಾರೆ. ಆ ಮಗ್ಗುಲಿಗೆ ಗಾಡಿ ಬಾರದಂತೆ ನಡುವೆ ಸಾಲಾಗಿ ಕಲ್ಲು ಇಡುತ್ತಾರೆ. ಕಲ್ಲು ಇಟ್ಟ ಮೇಲೆ ಅದು ರಸ್ತೆಯಲ್ಲ, ಕಣ. ಅದನ್ನು ಯಾವ ಡ್ರೈವರನೂ ಮೀರುವುದಿಲ್ಲ. ಗಿಡ ತಿರುವಿದ ಮೇಲೆ ಕಲ್ಲು ಸರಿಸಿ, ಬರುವ ಗಾಡಿಯತ್ತ ಕೈಬೀಸಿ ಕರೆಯುತ್ತಾರೆ. ಹಾಗೆ ಕರೆದಾಗ ಹೋಗದಿದ್ದರೆ ಅವರಿಗೆ ಸಿಟ್ಟು. ಕಾರಿನವರಿಗೆ ಒಣ ಗಿಡ ಗಾಲಿಯ ಅಚ್ಚಿಗೆ ಸುತ್ತೀತು, ಸೈಲೆನ್ಸರಿನ ಕಾವಿಗೆ ಹೊತ್ತೀತು ಎಂಬ ಚಿಂತೆ ಇದ್ದೇ ಇರುತ್ತದೆ. ಆದರೂ ಸುಗ್ಗಿಯ ಮರ್ಯಾದೆಗೆ ಹಾಯಿಸುತ್ತೇವೆ.

ಕಾರು ನಮ್ಮ ಕಚೇರಿಯದು, ಹಳೆಯದು. ನಾನೇ ನಡೆಸುತ್ತಿದ್ದೆ. ನನ್ನ ಚಾಲನೆಯ ಬಗ್ಗೆ ನನಗೆ ಭರವಸೆಯಿತ್ತು. ಅಷ್ಟು ಅಪಘಾತಗಳ ಸ್ಥಳ ನೋಡಿದವನಿಗೆ ಎಚ್ಚರ ತಾನಾಗಿ ಬರುತ್ತದೆ. ಕುರಿಹಿಂಡು ದಾಟಿತೆಂದು ಹೊರಡುವುದಿಲ್ಲ, ಹಿಂದುಳಿದ ಒಂದು ಕುರಿ ಓಡಿ ಬಂದೇ ಬರುತ್ತದೆ. ಎದುರಿನ ಬಂಡಿಯವನು ತೂಕಡಿಸುತ್ತಿದ್ದಾನೋ ಇಲ್ಲವೋ ಎಂದು ಎತ್ತಿನ ನಡಿಗೆ ನೋಡಿ ತಿಳಿಯುತ್ತೇನೆ. ಕಾಳು ಬಿದ್ದ ರಸ್ತೆಯ ಮೇಲೆ ಬ್ರೇಕು ಒತ್ತುವುದಿಲ್ಲ. ಒತ್ತಿದರೆ ಗಾಲಿ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಇವೆಲ್ಲ ಕಣ್ಣು, ಕೈ, ಕಾಲಿನ ಕೆಲಸ. ಅವತ್ತು ನಡೆದದ್ದನ್ನೂ ಇದೇ ಲೆಕ್ಕದಲ್ಲಿ ಸೇರಿಸಲು ಮೊದಲು ನಾನು ಬಹಳ ಪ್ರಯತ್ನಪಟ್ಟೆ.

ಮುದ್ದೇಬಿಹಾಳದಲ್ಲಿ ಒಂದು ಸಭೆಯ ವರದಿಗಾಗಿ ಹೋಗಿದ್ದೆ. ನನ್ನ ಅಕ್ಕನ ಗಂಡ ಸಿಂದಗಿಯ ಬಟ್ಟೆ ವ್ಯಾಪಾರಿ. ತನ್ನ ತಮ್ಮನಿಗೆ ಕನ್ಯೆ ನೋಡುವ ಸಲುವಾಗಿ ಅವರೂ ಜೊತೆಗೆ ಬಂದಿದ್ದರು. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ನಿಡಗುಂದಿ, ಬಸವನ ಬಾಗೇವಾಡಿಯ ಮೇಲೆ ಸಿಂದಗಿಗೆ ಹೋಗಿ, ಅಕ್ಕನ ಮನೆಯಲ್ಲಿ ಉಳಿಯುವುದು ನಮ್ಮ ಲೆಕ್ಕ. ಊಟ ಮುಗಿಸಿ ಹೊರಡುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ರಸ್ತೆ ಪಶ್ಚಿಮಕ್ಕೆ. ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುತ್ತಿದ್ದ. ಆದ್ದರಿಂದ ನಿಧಾನವಾಗಿ ನಡೆಸುತ್ತಿದ್ದೆ.

ಮಾಮಾನಿಗೆ ಅದೇ ಮಾತಿಗೆ ಸಿಕ್ಕಿತು.

"ಏನೋ ಪೇಪರದವ, ಈ ಗತೀಲೆ ಹೊಂಟ್ರ ಆ ಹುಡುಗಿ ಮದಿವ್ಯಾಗಿ ಮೊಮ್ಮಕ್ಕಳ ಕಂಡಿರ್ತಾಳ, ನಾವಿನ್ನ ಬಾಗೇವಾಡಿ ಮುಟ್ಟಿರೂದಿಲ್ಲ."

"ಜೋರ ಹೋದವರ ಸುದ್ದಿ ಬರಿಯಾಂವ ನಾನ ಅದೇನಿ, ಮಾಮಾ."

"ಬರಿ. 'ಸಿಂದಗಿ ವ್ಯಾಪಾರಿ ಕಾರಿನೊಳಗ ಕುಂತು ಕುಂತು ಮುಪ್ಪಾದ' ಅಂತ ಬರಿ."

ದಾರಿಯಲ್ಲಿ ಎರಡು ಕಡೆ ರಾಶಿ ಹಾಕಿದ್ದರು. ಎರಡರ ಮೇಲೂ ಹಾಯಿಸಿದೆ. ಅಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಎರಡನೆಯದನ್ನು ದಾಟಿದ ಸ್ವಲ್ಪ ಹೊತ್ತಿಗೆ ನನ್ನ ತೊಡೆ ಭಾರವಾಗತೊಡಗಿತು. ಜೋಮು ಹಿಡಿದಿರಬೇಕು ಎಂದುಕೊಂಡೆ. ಆದರೆ ಜೋಮು ಹಿಡಿದ ಕಾಲು ತನ್ನದಲ್ಲ ಎನ್ನಿಸುತ್ತದೆ, ಮುಟ್ಟಿದರೂ ತಿಳಿಯುವುದಿಲ್ಲ. ಇದು ಹಾಗಿರಲಿಲ್ಲ. ಎರಡೂ ತೊಡೆಯ ಮೇಲೆ ಸಮನಾಗಿ ಏನೋ ಕೂತಂತೆ ಭಾರ. ಜೊತೆಗೆ ಸಣ್ಣ ಕಾವು. ಕುತ್ತಿಗೆಯ ಕೆಳಗೆ, ಎದೆಗೆ ಏನೋ ಒರಗಿದಂತೆ. ನಾನು ಕೆಳಗೆ ನೋಡಿದೆ. ಧೋತರದ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಸ್ಟೇರಿಂಗಿನ ಮೇಲೆ ನನ್ನ ಎರಡು ಕೈಗಳಿದ್ದವು.

ಇದನ್ನು ಮಾಮಾನಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು. ಆದರೆ ಅವರೇ ಒಮ್ಮೆ ನನ್ನ ಕಡೆ ತಿರುಗಿ, "ಮೊಣಕೈ ಯಾಕ ಹಂಗ ಎತ್ತಿ ಹಿಡದಿ? ಇಳಿಸಿ ಸುಮ್ನ ಕುಂದ್ರು" ಅಂದರು. ನನ್ನ ಮೊಣಕೈಗಳು ಎರಡೂ ಕಡೆ ಅಗಲವಾಗಿ ಮೇಲೆದ್ದಿದ್ದವು. ನಡುವೆ ಏನೋ ಇದೆ, ಅದಕ್ಕೆ ತಾಗಬಾರದು ಎಂಬಂತೆ. ಇಳಿಸಲು ನೋಡಿದೆ. ಮನಸ್ಸು ಬರಲಿಲ್ಲ. ಆ ಹೊತ್ತಿನಲ್ಲಿ ನನಗೆ ಮೊದಲ ಸಲ ಭಯವಾಯಿತು. ಎದುರಿಗೆ ಏನೂ ಇಲ್ಲದ, ನೆಟ್ಟಗಿನ ರಸ್ತೆಯ ಮೇಲೆ, ಹಗಲು ಹೊತ್ತಿನಲ್ಲಿ ನನ್ನ ಬೆನ್ನು ಬೆವರಿತು. ಕಾರು ನಿಲ್ಲಿಸಿ ನೀರು ಕುಡಿಯೋಣ ಎಂದುಕೊಳ್ಳುತ್ತಿದ್ದಾಗಲೇ ಮೂರನೆಯ ರಾಶಿ ಕಂಡಿತು.

ಎಡ ಮಗ್ಗುಲಿನ ಗಿಡ ತುಳಿದು ತುಳಿದು ಪುಡಿಯಾಗಿತ್ತು. ಬಲ ಮಗ್ಗುಲಿನಲ್ಲಿ ಹೊಸದಾಗಿ ಹರಡಿದ ಗಿಡ ಎತ್ತರವಾಗಿ, ಹಗುರವಾಗಿ ನಿಂತಿತ್ತು. ರುಮಾಲು ಸುತ್ತಿದ ಮುದುಕನೊಬ್ಬ ನಡುವಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ದಂಡೆಗೆ ಇಟ್ಟ. ಕೊನೆಯ ಕಲ್ಲು ಇಟ್ಟು, ಎದ್ದು ನಿಂತು, ಬಲಗೈ ಎತ್ತಿ ಹೊಸ ಗಿಡದ ಮೇಲೆ ಬನ್ನಿ ಎಂದು ಕರೆದ. ನಾನು ಅವನನ್ನು ಸ್ಪಷ್ಟವಾಗಿ ನೋಡಿದೆ. ಒಪ್ಪಿದೆ ಎಂಬುದಕ್ಕೆ ಹಾರ್ನನ್ನೂ ಬಾರಿಸಿದೆ. ಗೇರು ಇಳಿಸಿ ಬಲಕ್ಕೆ ತಿರುಗಿಸಿದೆ. ಮುಂದಿನ ಗಾಲಿ ಹೊಸ ಗಿಡದ ಅಂಚಿಗೆ ಏರುತ್ತಿದ್ದಂತೆ ಇನ್ನಷ್ಟು ಬಲಕ್ಕೆ ಎಳೆದೆ.

ಸ್ಟೇರಿಂಗ್ ಎಡಕ್ಕೆ ತಿರುಗಿತು.

ನನ್ನ ಕೈಗಳೇ ತಿರುಗಿಸಿದವೋ ಇಲ್ಲವೋ ಎಂದು ಆಣೆ ಮಾಡಿ ಹೇಳಲಾರೆ. ಕೈಗಳು ಅದರ ಮೇಲಿದ್ದವು ಎಂಬುದು ನಿಜ. ಬಲಕ್ಕೆ ಎಳೆಯುತ್ತಿದ್ದೆ ಎಂಬುದೂ ನಿಜ. ಅದು ಎಡಕ್ಕೇ ಹೋಯಿತು. ಗಾಲಿಗಳು ಸಡಿಲ ಕಾಳಿನ ಮೇಲೆ ಸಿಕ್ಕು ಕಾರಿನ ಹಿಂಭಾಗ ಜಾರತೊಡಗಿತು. ಅಲ್ಲಿಂದ ಮುಂದೆ ಮಾಡಿದ್ದೆಲ್ಲ ನಾನೇ. ಬ್ರೇಕು ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಹಿಂಭಾಗ ಜಾರಿದ ಕಡೆಗೇ ಸ್ಟೇರಿಂಗ್ ಕೊಟ್ಟು ನೆಟ್ಟಗೆ ಮಾಡಿದೆ. ಕಾರು ರಸ್ತೆಯ ಅಂಚು ಇಳಿದು ಹೊಲದ ಕರಿಮಣ್ಣಿನಲ್ಲಿ ಮೂಗು ಊರಿ ನಿಂತಿತು. ಒಂದು ಬನ್ನಿಮರ ಬಾನೆಟ್ಟಿನ ಮುಂದೆಯೇ ಇತ್ತು. ಇಂಜಿನ್ನು ಆರಿತು. ಆಗ ಗಮನಿಸಿದೆ, ನನ್ನ ತೊಡೆ ಹಗುರವಾಗಿತ್ತು.

ಮಾಮಾ ಮುಂದಿನ ಡ್ಯಾಶ್‌ಬೋರ್ಡು ಹಿಡಿದು ಕೂತಿದ್ದರು. ಟೋಪಿ ಕಾಲಡಿ ಬಿದ್ದಿತ್ತು. ಮುದುಕ ಬೈಯುತ್ತಲೇ ಬಂದ.

"ಕಣ್ಣ ಕಾಣಂಗಿಲ್ಲೇನ್ರಿ? ಹಸನ ಹಾಸಿದ ಕಡ್ಲಿ ಬಿಟ್ಟು ಹೊಲದಾಗ ಇಳಿಸಿದ್ರಲ್ಲ. ತೊಡಿಮ್ಯಾಲ ಕೂಸಿನ್ನ ಕುಂದ್ರಿಸ್ಕೊಂಡು ಗಾಡಿ ಹೊಡದ್ರ ಹಿಂಗ ಆಕ್ಕೈತಿ. ಕಲತವರು ಅಂತೀರಿ. ಮೊದಲ ಕೂಸಿಗೆ ಪೆಟ್ಟ ಏನರ ಆತೇನ ನೋಡ್ರಿ."

ಮಾಮಾ ಟೋಪಿ ಎತ್ತಿಕೊಂಡು ಹೇಳಿದರು, "ಯಾವ ಕೂಸೋ ಯಜ್ಜಾ? ಇವಗಿನ್ನ ಮಕ್ಕಳಿಲ್ಲ. ಇದರಾಗ ಕೂಸ ಅಂದ್ರ ನಾ ಒಬ್ಬನ."

ಮುದುಕ ನಗಲಿಲ್ಲ. ಬಾಗಿ ನನ್ನ ತೊಡೆ ನೋಡಿದ. ಹಿಂದಿನ ಸೀಟು ನೋಡಿದ. ಸೀಟಿನ ಕೆಳಗೂ ಇಣುಕಿದ.

"ಈಗ ಇತ್ತಲ್ರಿ" ಎಂದ. "ಮಾರಿ ಕಾಣಲಿಲ್ಲ. ಸಣ್ಣ ಕೈ ಕಂಡೂ. ನಿಮ್ಮ ಕೈಯಾಗಿನ ಚಕ್ರದ ಮ್ಯಾಲ ಇದ್ದೂ."

ನಾನು ಕಾರಿನಿಂದ ಇಳಿದೆ. ಬಾಗಿಲು ಹಿಡಿದು ನಿಂತೆ. ಆಗ ಹೊಲದ ಆಚೆ ಬಾವಿಯ ಕಡೆಯಿಂದ ಒಬ್ಬ ತರುಣಿ ಕೊಡ ಹೊತ್ತು ಬರುವುದು ಕಂಡಿತು. ಅರ್ಧ ದಾರಿಯಲ್ಲಿ ಅವಳು ನಿಂತಳು. ರಸ್ತೆಯನ್ನೇ ನೋಡುತ್ತಿದ್ದಳು. ಕೊಡ ಅವಳ ತಲೆಯಿಂದ ಜಾರಿ ಬಿದ್ದುದು ನಮಗೆ ಕಂಡಿತು, ಸದ್ದು ಸ್ವಲ್ಪ ತಡವಾಗಿ ಕೇಳಿತು. ಅವಳು ಓಡಿ ಬಂದಳು. ಅರಚಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತ ಬಂದಳು.

"ಮಾವಾ, ಕಲ್ಲ ಎಲ್ಲಿ ಹ್ವಾದೂ? ಮಾವಾ, ಕಲ್ಲ ಎಲ್ಲಿ ಹ್ವಾದೂ?"

"ನಾನ ತಗದೇನವಾ. ಗಾಡಿ ಬಂತು, ತಗದೆ" ಎಂದ ಮುದುಕ, ಅವಳ ಗಂಡನ ತಂದೆ.

ಅವಳು ಬಲ ಮಗ್ಗುಲಿನ ಗಿಡದೊಳಗೆ ಮೊಣಕಾಲೂರಿ ಎರಡೂ ಕೈಯಿಂದ ಗಿಡ ಸರಿಸಿದಳು. ಕೆಳಗೆ ಹಾಸಿದ್ದ ಒಂದು ಕೌದಿ. ಕೌದಿಯ ಮೇಲೆ ಎರಡು ವರ್ಷವೂ ತುಂಬದ ಹೆಣ್ಣುಕೂಸು. ಅದು ಇನ್ನೂ ನಿದ್ದೆಯಲ್ಲೇ ಇತ್ತು. ಹೊಲದಲ್ಲಿ ಚೇಳು, ದಂಡೆಯಲ್ಲಿ ಮುಳ್ಳು. ಕಲ್ಲು ಇಟ್ಟ ಮಗ್ಗುಲಿಗೆ ಯಾವ ಗಾಡಿಯೂ ಬರುವುದಿಲ್ಲವೆಂದು ಅವಳು ಕೂಸನ್ನು ಅಲ್ಲಿ ಮಲಗಿಸಿ, ಬಿಸಿಲು ತಾಗದಿರಲೆಂದು ಮೇಲೆ ಗಿಡ ಒಟ್ಟಿ, ನೀರಿಗೆ ಹೋಗಿದ್ದಳು. ಕೂಸು ತಾಯಿಯ ಸಂಗಡ ಬಾವಿಗೆ ಹೋಗಿದೆ ಎಂದು ಮುದುಕ ತಿಳಿದಿದ್ದ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗಿತ್ತು.

ನನ್ನ ಗಾಲಿಯ ಗುರುತು ಕೌದಿಯ ಕಡೆಗೇ ಬಂದು, ಒಂದು ಮೊಳದಷ್ಟು ದೂರದಲ್ಲಿ ಒಮ್ಮೆಲೇ ಎಡಕ್ಕೆ ಹೊರಳಿತ್ತು.

ಮುದುಕ ರಸ್ತೆಯ ಮೇಲೆ ಕೂತುಬಿಟ್ಟ. ಕರೆದ ಬಲಗೈಯನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡ. ನಾವು ಅಲ್ಲಿದ್ದಷ್ಟು ಹೊತ್ತೂ ಅದನ್ನು ಹೊರಗೆ ತೆಗೆಯಲಿಲ್ಲ. ಮಾಮಾ ಹೋಗಿ ಪಕ್ಕದಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿಕೊಟ್ಟರು. ಎಡಗೈಯಿಂದ ತೆಗೆದುಕೊಂಡ.

ಹತ್ತಿರದ ಊರಿನ ನಾಲ್ಕು ಜನ ಬಂದು ಕಾರನ್ನು ಮಣ್ಣಿನಿಂದ ಎತ್ತಿದರು. ಹೊರಡುವ ಮೊದಲು ಆ ತರುಣಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು. ಮುದುಕನ ಮಾತನ್ನು ಅಷ್ಟರಲ್ಲಿ ಅವಳು ಕೇಳಿದ್ದಳು.

"ನಿಮಗ ಯಾರ ಹೇಳಿದ್ರು?" ಎಂದಳು.

"ಯಾರೂ ಹೇಳಲಿಲ್ಲವಾ."

"ಹೇಳಿರಬೇಕ್ರಿ. ಹೆಸರ ಹೇಳ್ರಿ. ನಾ ಎಡಿ ಕೊಡಬೇಕು. ಯಾರಿಗೆ ಅಂತ ಕೊಡ್ಲಿ?"

ನೈವೇದ್ಯದ ಎಡೆಗೆ ಅವಳಿಗೊಂದು ಹೆಸರು ಬೇಕಾಗಿತ್ತು. ಮಾಮಾ ನನ್ನ ಬದಲು ಉತ್ತರ ಕೊಟ್ಟರು. "ನಿಮ್ಮ ಮನಿದೇವರಿಗೆ ಕೊಡವಾ."

"ಅದಕ್ಕೂ ಕೊಡತೇನ್ರಿ" ಎಂದಳು. "ಇದು ಬ್ಯಾರೆ."

ನಾನು ವೃತ್ತಿಯ ಅಭ್ಯಾಸದಿಂದ ಒಂದು ಪ್ರಶ್ನೆ ಕೇಳಿದೆ. ಇಂದಿಗೂ ಅದನ್ನು ಕೇಳಬೇಕಾಗಿತ್ತೋ ಇಲ್ಲವೋ ತಿಳಿಯದು. ನಿಮ್ಮ ಮನೆಯಲ್ಲಿ ಮೊದಲು ಯಾವುದಾದರೂ ಕೂಸು ತೀರಿಕೊಂಡಿತ್ತೇ ಎಂದೆ. ಇಲ್ಲ ಎಂದಳು. ಇದೇ ಮೊದಲನೆಯದು. ಈ ಜಾಗದಲ್ಲಿ ಅಪಘಾತವೇನಾದರೂ ಆಗಿತ್ತೇ ಎಂದು ಕಾರು ಎತ್ತಲು ಬಂದವರನ್ನೂ ಕೇಳಿದೆ. ಅವರಿಗೆ ತಿಳಿದಂತೆ ಆಗಿರಲಿಲ್ಲ. ಕಥೆ ಹೇಳುವವರು ಹೇಳುವಂಥ ಕಾರಣ ಕೂಡ ಅಲ್ಲಿ ಸಿಗಲಿಲ್ಲ.

ಬಾಗೇವಾಡಿಯ ದೀಪ ಕಂಡ ಮೇಲೆ ಮಾಮಾ, "ನಿನ್ನ ತೊಡಿಮ್ಯಾಲ ಏನೂ ಇರಲಿಲ್ಲ. ನಾ ಮಗ್ಗಲಕ್ಕ ಕುಂತಿದ್ದೆ. ನಾ ಖಾತ್ರಿ ಹೇಳತೇನಿ" ಅಂದರು. ನಾನು ಕೇಳದೇ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದರು. ಅಕ್ಕನ ಮುಂದೆ ಈ ವಿಷಯ ತೆಗೆಯಬೇಡ ಎಂದರು.

ನಾನು ವಿಚಾರಣೆ ಮಾಡದೆ ಬಿಡುವವನಲ್ಲ. ಕೆಲವು ದಿನಗಳ ಮೇಲೆ ಪರಿಚಯದ ಡ್ರೈವರನೊಬ್ಬನನ್ನು ಕರೆದುಕೊಂಡು ಅದೇ ಹೊತ್ತಿಗೆ ಅಲ್ಲಿಗೆ ಹೋದೆ. ರಾಶಿ ಎತ್ತಿಯಾಗಿತ್ತು, ರಸ್ತೆ ಬರಿದಾಗಿತ್ತು. ಇಳಿಬಿಸಿಲಿನಲ್ಲಿ ಗಾಜಿನ ಮೇಲೆ ಯಾವುದೋ ನೆರಳು ಬಿದ್ದು ಮುದುಕನಿಗೆ ಕೂಸಿನಂತೆ ಕಂಡಿರಬೇಕು ಎಂಬುದು ನನ್ನ ತರ್ಕ. ಮುದುಕ ನಿಂತ ಜಾಗದಲ್ಲಿ ನಿಂತು, ಡ್ರೈವರನಿಗೆ ನನ್ನ ಕಡೆಗೆ ಕಾರು ತರಲು ಹೇಳಿದೆ. ಅವನು ಬಂದ. ಮುಂದಿನ ಗಾಜು ಪೂರ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ನೆರಳು ಹೋಗಲಿ, ಡ್ರೈವರನೇ ಕಾಣಲಿಲ್ಲ. ಖಾಲಿ ಕಾರೊಂದು ತಾನಾಗಿಯೇ ನನ್ನ ಕಡೆ ಬರುವಂತೆ ಇತ್ತು. ನಾನು ದಂಡೆಗೆ ಸರಿದೆ. ಇನ್ನೊಮ್ಮೆ ತಾ ಎಂದು ಹೇಳುವ ಧೈರ್ಯ ಆಗಲಿಲ್ಲ.

ತೊಡೆಯ ಭಾರಕ್ಕೆ ದಣಿವು ಕಾರಣ ಎನ್ನಬಹುದು. ಸ್ಟೇರಿಂಗ್ ಹೊರಳಿದ್ದಕ್ಕೆ ಗಾಲಿಗೆ ಸಿಕ್ಕ ಗಿಡ ಕಾರಣ ಎನ್ನಬಹುದು. ಮುದುಕನ ಮಾತಿಗೆ ಅವನ ವಯಸ್ಸು ಕಾರಣ ಎನ್ನಬಹುದು. ಒಂದೊಂದನ್ನೇ ಬಿಡಿಸಿ ಇಟ್ಟರೆ ಸುಲಭ. ಆದರೆ ಮೂರೂ ಒಂದೇ ಸಂಜೆ, ಒಂದೇ ಕೂಸಿನ ಎದುರಿಗೆ ಬಂದು ನಿಂತದ್ದಕ್ಕೆ ಕಾರಣ ಯಾವುದು? ನನ್ನ ಕಣ್ಣಿಗೆ ಏನೂ ಕಾಣಿಸಲಿಲ್ಲ, ಕಿವಿಗೆ ಏನೂ ಕೇಳಿಸಲಿಲ್ಲ. ಎಚ್ಚರದ ಚಾಲನೆ ಎಂದು ನಾನು ನಂಬಿದ್ದೆಲ್ಲ ಆ ಮುದುಕನ ಕೈಸನ್ನೆಗೆ ಒಪ್ಪಿ ಬಲಕ್ಕೇ ಹೊರಟಿತ್ತು. ಇದನ್ನು ಪತ್ರಿಕೆಗೆ ಬರೆಯಲಿಲ್ಲ. ಯಾರೂ ಸಾಯದ, ಯಾರಿಗೂ ಗಾಯವಾಗದ ಘಟನೆ ಸುದ್ದಿಯಾಗುವುದಿಲ್ಲ.

ಓದುಗರು ಇದನ್ನು ದೇವರ ದಯೆ ಎಂದು ಸಮಾಧಾನಪಡಬಹುದು. ನನಗೆ ಆ ಸಮಾಧಾನ ಸಿಗಲಿಲ್ಲ, ಭಯವೇ ಉಳಿಯಿತು. ಆ ದಿನಕ್ಕಿಂತ ಮೊದಲು ಎಷ್ಟೋ ಸುಗ್ಗಿಗಳಲ್ಲಿ, ಎಷ್ಟೋ ರಾಶಿಗಳ ಮೇಲೆ, ಕೆಳಗೆ ಏನಿದೆ ಎಂದು ಯೋಚಿಸದೆ ಹಾಯ್ದವನು ನಾನು. ಈಗ ಯಾರಾದರೂ ಕೈಬೀಸಿ ಕರೆದರೆ ಕಾರು ನಿಲ್ಲಿಸಿ, ಇಳಿದು, ಗಿಡ ಸರಿಸಿ ನೋಡುತ್ತೇನೆ. ಲಚ್ಯಾಣದ ಹತ್ತಿರ ಒಬ್ಬ ಹೆಣ್ಣುಮಗಳು, "ಸಾಹೇಬ್ರು ಕಡ್ಲಿ ಕದೀಲಾಕ ಇಳದಾರ, ಉಡಿ ತುಂಬಿ ಕಳಸ್ರೇ" ಎಂದು ಎಲ್ಲರನ್ನೂ ನಗಿಸಿದ್ದಳು. ನಗಲಿ.

ಮುಂದಿನ ವರ್ಷದ ಸುಗ್ಗಿಯಲ್ಲಿ ನಿಡಗುಂದಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಬೇಕಾಯಿತು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಆ ಜಾಗ ದಾಟಿ ಸ್ವಲ್ಪ ಮುಂದೆ ಯಾರೋ ತೊಗರಿ ಹರಡಿದ್ದರು. ಒಬ್ಬ ರೈತ ಕಲ್ಲು ಸರಿಸಿ ಕೈಬೀಸಿ ಕರೆದ. ಡ್ರೈವರ ಪಕ್ಕದವರ ಜೊತೆ ಮಾತನಾಡುತ್ತಲೇ ಹಾರ್ನು ಬಾರಿಸಿ ಆ ಕಡೆಗೆ ತಿರುಗಿಸಿದ. ನಾನು ಎದ್ದು ನಿಂತು, ಮುಂದೆ ಬಾಗಿ, ಅವನ ತೊಡೆಯ ಮೇಲೆ ನೋಡಿದೆ. ಏನೂ ಇರಲಿಲ್ಲ. ಅದರಿಂದ ನೆಮ್ಮದಿ ಪಡಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ. ನಿಲ್ಲಿಸು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ರಾಶಿಯ ಮೇಲೆ ಏರಿತ್ತು.